ಸೆಕ್ಟರ್ ಬದಲಿಸಿಕೊಡಿ, ಡೇಟಾ ಮಾತ್ರ ಹಾಗೆಯೇ ಇರಲಿ

"ಈ ಡಿಸ್ಕಿನ ಸೆಕ್ಟರ್ 512 ಇದೆಯಂತೆ, ಅದನ್ನು 4096 ಮಾಡಿಕೊಡಿ, ಒಳಗಿರುವ ಫೋಟೋ, ತೋಟದ ಲೆಕ್ಕ ಮಾತ್ರ ಹಾಗೆಯೇ ಇರಲಿ" ಎಂಬ ಬೇಡಿಕೆ ಹೊತ್ತು ಮಡಿಕೇರಿಯ ನನ್ನ ಅಂಗಡಿಗೆ ಬರುವವರು ಕಡಿಮೆಯಿಲ್ಲ. ಸೆಕ್ಟರ್ ಎಂದರೆ ಡಿಸ್ಕ್ ಡೇಟಾವನ್ನು ಬರೆಯುವ, ಓದುವ ಅತಿ ಚಿಕ್ಕ ತುಂಡು; 512, 4096 ಎಂಬುವು ಅದರ ಬೈಟ್‌ಗಳ ಲೆಕ್ಕ. ಅದನ್ನು ದೊಡ್ಡದು ಮಾಡಿದರೆ ಡಿಸ್ಕ್ ಚುರುಕಾಗುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಯಾರೋ ಹೇಳಿರುತ್ತಾರೆ. ಐನ್‌ಮನೆಯನ್ನು, ಅಂದರೆ ಕೊಡವರ ಹಿರಿಯರ ಮನೆಯನ್ನು, ಅಡಿಪಾಯದಿಂದ ಕಿತ್ತು ಹೊಸದಾಗಿ ಕಟ್ಟಬೇಕು, ಗೋಡೆಯಲ್ಲಿರುವ ಅಜ್ಜನ ಪಟ ಮಾತ್ರ ಅಲುಗಬಾರದು ಎಂದಂತೆ ಇದು. ಆಗುವುದಿಲ್ಲ ಎಂದರೆ, "ಗೋಣಿಕೊಪ್ಪದಲ್ಲಿ ವಿಚಾರಿಸುತ್ತೇನೆ" ಎಂದು ಎದ್ದು ಹೊರಡುತ್ತಾರೆ. ವಿಚಾರಿಸಲಿ, ಡಿಸ್ಕಿನ ನಿಯಮ ಗೋಣಿಕೊಪ್ಪದಲ್ಲಿಯೂ ಇದೇ.

ತಾವೇ ಮನೆಯಲ್ಲಿ ಸೆಕ್ಟರ್ ಬದಲಿಸಿ ನೋಡಿದ್ದೇವೆ ಎನ್ನುವವರಲ್ಲಿ ಬಹುಪಾಲು ಜನ ಬದಲಿಸಿರುವುದು ಸೆಕ್ಟರನ್ನಲ್ಲ. ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ ಕಾಣುವ 'ಅಲೊಕೇಷನ್ ಯುನಿಟ್ ಸೈಜ್' ಎಂಬುದು ಕ್ಲಸ್ಟರಿನ ಅಳತೆ, ಅಂದರೆ ಒಂದು ಕಡತಕ್ಕೆ ಜಾಗ ಹಂಚುವಾಗ ಕನಿಷ್ಠ ಎಷ್ಟೆಷ್ಟು ಬೈಟ್‌ಗಳ ತುಂಡಾಗಿ ಹಂಚಬೇಕೆಂಬ ಲೆಕ್ಕ. ವಿಂಡೋಸ್ ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಸಾಮಾನ್ಯ ಗಾತ್ರದ ಡಿಸ್ಕಿಗೆ ಅದು ತಾನಾಗಿಯೇ 4096 ಇರುತ್ತದೆ. ಸೆಕ್ಟರಿನ ನಿಜವಾದ ಅಂಕಿ ಬೇಕಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಎಫ್‌ಎಸ್‌ಯುಟಿಲ್' ಮೂಲಕ ಎನ್‌ಟಿಎಫ್‌ಎಸ್ ಮಾಹಿತಿ ಕೇಳಬೇಕು. ಅಲ್ಲಿ ಬರುವ ಸಾಲುಗಳಲ್ಲಿ 'ಬೈಟ್ಸ್ ಪರ್ ಸೆಕ್ಟರ್' ಎಂಬುದು ಲಾಜಿಕಲ್ ಸೆಕ್ಟರ್, ಅಂದರೆ ಡಿಸ್ಕ್ ಕಂಪ್ಯೂಟರಿಗೆ ತೋರಿಸುವ ಸೆಕ್ಟರ್, 'ಫಿಸಿಕಲ್' ಎಂದಿರುವುದು ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲಿನ ನಿಜವಾದ ಸೆಕ್ಟರ್, 'ಕ್ಲಸ್ಟರ್' ಎಂಬುದು ಮೇಲೆ ಹೇಳಿದ ಹಂಚಿಕೆ. ಇವತ್ತು ಬಳಕೆಯಲ್ಲಿರುವ ಬಹುತೇಕ ಹಾರ್ಡ್ ಡಿಸ್ಕ್‌ಗಳಲ್ಲಿ ಮೊದಲನೆಯದು 512, ಎರಡನೆಯದು 4096. ತಟ್ಟೆಯಲ್ಲಿ 4096 ಬೈಟ್‌ಗಳ ಸೆಕ್ಟರ್ ಇಟ್ಟುಕೊಂಡು ಹೊರಗಿನವರಿಗೆ 512 ಎಂದೇ ತೋರಿಸುವ ಈ ಬಗೆಗೆ 512ಇ ಎನ್ನುತ್ತಾರೆ. ಎರಡೂ 4096 ಆಗಿದ್ದರೆ 4ಕೆಎನ್. ದೊಡ್ಡ ಸೆಕ್ಟರಿಗೆ ತಯಾರಕರು ಹೋದದ್ದು ಜಾಗದ ಆಸೆಯಿಂದ: ತಪ್ಪು ತಿದ್ದುವ ಸಂಕೇತಕ್ಕೆಂದು ಪ್ರತಿ 512 ಬೈಟಿಗೆ ಸುಮಾರು 50 ಬೈಟ್ ವ್ಯಯವಾಗುತ್ತಿದ್ದಲ್ಲಿ, ಈಗ 4096ಕ್ಕೆ ಸುಮಾರು 100 ಬೈಟ್ ಸಾಕು.

ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದರ ನಂತರದ್ದು. ಲಾಜಿಕಲ್ ಸೆಕ್ಟರ್ ಎಂಬುದು ಡಿಸ್ಕಿನ ಒಂದು ಗುಣವಲ್ಲ, ಅದು ಡಿಸ್ಕಿನ ವಿಳಾಸದ ಏಕಮಾನ. ಕಂಪ್ಯೂಟರ್ ಡಿಸ್ಕಿಗೆ "ಹುತ್ತರಿ ಹಬ್ಬದ ಫೋಟೋ ಕೊಡು" ಎನ್ನುವುದಿಲ್ಲ. "2048ನೇ ಸೆಕ್ಟರ್ ಕೊಡು" ಎನ್ನುತ್ತದೆ. ಪಾರ್ಟಿಷನ್, ಅಂದರೆ ಡಿಸ್ಕಿನ ಒಂದೊಂದು ವಿಭಾಗ, ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದೆಲ್ಲ ಈ ಸಂಖ್ಯೆಗಳಲ್ಲಿಯೇ ಬರೆದಿರುತ್ತದೆ. ತೋಟ ಇರುವವರಿಗೆ ನಾನು ಸರ್ವೆ ನಂಬರಿನ ಉದಾಹರಣೆ ಕೊಡುತ್ತೇನೆ. 512ರ ಎಂಟು ಸೆಕ್ಟರ್ ಸೇರಿ 4096ರ ಒಂದಾಗುವಂತೆ, ಎಂಟೆಂಟು ಸರ್ವೆ ನಂಬರುಗಳನ್ನು ಕೂಡಿಸಿ ಒಂದೊಂದು ಹೊಸ ನಂಬರ್ ಕೊಟ್ಟು, ಪಹಣಿ, ನಕ್ಷೆ, ಕ್ರಯಪತ್ರ ಯಾವುದನ್ನೂ ತಿದ್ದದೆ ಬಿಟ್ಟರು ಎಂದುಕೊಳ್ಳಿ. ಕಾಫಿ ಗಿಡ ನಿಂತಲ್ಲಿಯೇ ನಿಂತಿದೆ, ಮೆಣಸಿನ ಬಳ್ಳಿ ಹಬ್ಬಿದಲ್ಲಿಯೇ ಇದೆ, ಆದರೆ ಕಾಗದ ಹಿಡಿದು ಹುಡುಕಿಕೊಂಡು ಹೊರಟರೆ ನೀವು ಹೋಗಿ ನಿಲ್ಲುವುದು ಇನ್ಯಾರದೋ ಗದ್ದೆಯಲ್ಲಿ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು, ಏಕೆಂದರೆ ಡಿಸ್ಕಿನಲ್ಲಿ ಸೆಕ್ಟರ್ ಬದಲಿಸಿದ ಮೇಲೆ ಗಿಡಗಳೂ ಉಳಿದಿರುತ್ತವೆಂಬ ಭರವಸೆ ನನಗಿಲ್ಲ. ಕೆಲವು ಡಿಸ್ಕ್‌ಗಳು ಇಡೀ ತಟ್ಟೆಯನ್ನು ಹೊಸದಾಗಿ ಬರೆಯುತ್ತವೆ.

"ಹಾಗಿದ್ದರೆ ಕಾಗದವನ್ನೂ ತಿದ್ದಿದರಾಯಿತಲ್ಲ, ಎಲ್ಲವನ್ನೂ ಎಂಟರಿಂದ ಭಾಗಿಸಿ" ಎಂದು ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ನನಗೆ ಸವಾಲು ಹಾಕಿದ್ದ. ಪ್ರಶ್ನೆ ಚೆನ್ನಾಗಿತ್ತು, ಚಹಾ ಕುಡಿಸಿಯೇ ಕಳಿಸಿದೆ. ಆದರೆ ಎನ್‌ಟಿಎಫ್‌ಎಸ್ ಪ್ರತಿ ಕಡತದ ಬಗ್ಗೆ ಇಡುವ ದಾಖಲೆ ಸಾಮಾನ್ಯವಾಗಿ 1024 ಬೈಟ್‌ನದು, ಅಂದರೆ 512ರ ಎರಡು ಸೆಕ್ಟರ್. 4ಕೆಎನ್ ಡಿಸ್ಕಿನಲ್ಲಿ ಅದೇ ದಾಖಲೆ 4096 ಬೈಟ್ ಆಗಬೇಕು. ಹಾಗಾಗಿ ಇದು ಬರೀ ಭಾಗಾಕಾರವಲ್ಲ, ಇಡೀ ವಹಿಯನ್ನು ಬೇರೆ ಅಳತೆಯ ಹಾಳೆಗೆ ಇಳಿಸುವ ಕೆಲಸ. ಇದನ್ನು ಇದ್ದಲ್ಲಿಯೇ ಮಾಡುವ, ಗ್ರಾಹಕರ ಡೇಟಾವನ್ನು ಒಪ್ಪಿಸಬಹುದಾದ ಸಾಧನ ಯಾವುದನ್ನೂ ನಾನು ಬಳಸಿಲ್ಲ. ಡೇಟಾವನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಸೆಕ್ಟರ್ ಬದಲಿಸಿ, ಮತ್ತೆ ತುಂಬಬೇಕು. ಬೇರೆ ಡಿಸ್ಕ್ ಇಲ್ಲ ಎನ್ನುವವರು ಬದಲಾವಣೆಯ ಯೋಚನೆಯನ್ನೇ ಬಿಡುವುದು ಒಳ್ಳೆಯದು.

ಯಾರೂ ಬದಲಿಸದೆಯೇ ಸೆಕ್ಟರ್ ಬದಲಾಗಿಬಿಡುವ ಸಂದರ್ಭವೂ ಒಂದಿದೆ. ನಾಪೋಕ್ಲು ಕಡೆಯ ಒಬ್ಬ ಬೆಳೆಗಾರರ ಬಳಿ 3 ಟಿಬಿಯ ಹಳೆಯ ಎಕ್ಸ್‌ಟರ್ನಲ್ ಡಿಸ್ಕ್ ಇತ್ತು. ಆಷಾಢದ ತೇವಕ್ಕೆ ಪೆಟ್ಟಿಗೆಯ ಯುಎಸ್‌ಬಿ ಕಿಂಡಿ ಹಸಿರುಗಟ್ಟಿ ಹೋಗಿತ್ತು. ಸೋದರಳಿಯ ಪೆಟ್ಟಿಗೆ ಬಿಚ್ಚಿ, ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿನ ಸಾಟಾ ಕೇಬಲಿಗೆ ಜೋಡಿಸಿದ. ಡಿಸ್ಕ್ ತಿರುಗಿತು, ಗುರುತೂ ಸಿಕ್ಕಿತು, ಆದರೆ ವಿಂಡೋಸ್ ಫಾರ್ಮ್ಯಾಟ್ ಮಾಡಬೇಕೆಂದು ಕೇಳಿತು. ಹುಡುಗ 'ಬೇಡ' ಒತ್ತಿ ನನ್ನ ಬಳಿ ತಂದ. ಆ ಒಂದು ಒತ್ತಿಗೆ ನಾನು ಅವನಿಗೆ ಇವತ್ತಿಗೂ ಕೃತಜ್ಞ.

ಆ ಕಾಲದ ಕೆಲವು ಪೆಟ್ಟಿಗೆಗಳ ಸರ್ಕ್ಯೂಟು, ಒಳಗಿನ ಡಿಸ್ಕ್ 512 ಎಂದರೂ ಕಂಪ್ಯೂಟರಿಗೆ 4096 ಎಂದು ಹೇಳುತ್ತಿತ್ತು. ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್ ಜಾಗ ಮಾತ್ರ ಇರುವುದರಿಂದ 512ರ ಲೆಕ್ಕದಲ್ಲಿ ಸುಮಾರು 2.2 ಟಿಬಿ ದಾಟಲಾಗದು. 4096 ಎಂದರೆ ಎಂಟು ಪಟ್ಟು ದೂರ ಹೋಗಬಹುದು, ವಿಂಡೋಸ್ ಎಕ್ಸ್‌ಪಿಯಲ್ಲಿಯೂ ದೊಡ್ಡ ಡಿಸ್ಕ್ ಓಡುತ್ತದೆ. ಈ ಡಿಸ್ಕಿನ ಪಟ್ಟಿಯಲ್ಲಿ ಪಾರ್ಟಿಷನ್ 256ನೇ ಸೆಕ್ಟರಿನಲ್ಲಿ ಶುರು ಎಂದಿತ್ತು. ಪೆಟ್ಟಿಗೆಯ ಲೆಕ್ಕದಲ್ಲಿ 256 ಎಂದರೆ 10,48,576ನೇ ಬೈಟ್. ನೇರ ಜೋಡಿಸಿದಾಗ ಅದೇ 256 ಎಂದರೆ 1,31,072ನೇ ಬೈಟ್. ಅಲ್ಲಿ ಸೊನ್ನೆಗಳ ಹೊರತು ಏನೂ ಇರಲಿಲ್ಲ. ನಾನು ಡಿಸ್ಕಿನ ಪೂರ್ಣ ಪ್ರತಿ ತೆಗೆದು, ಲಿನಕ್ಸ್‌ನಲ್ಲಿ ಓದಲು ಮಾತ್ರ ಬರುವಂತೆ ಆ ಪ್ರತಿಯನ್ನೇ 4096ರ ಡಿಸ್ಕಿನಂತೆ ತೋರಿಸುವ ಲೂಪ್ ಡಿವೈಸ್ ಮಾಡಿ ತೆರೆದೆ. ಹುತ್ತರಿ, ಮದುವೆ, ಕಾರ್ಮಿಕರ ಹಾಜರಿ, ಎಲ್ಲವೂ ಇದ್ದವು. ಇದೇ ತೊಂದರೆಯ ಇನ್ನೊಂದು ಡಿಸ್ಕ್ ತಂದವರು ಮಾತ್ರ ಅಷ್ಟರಲ್ಲಿಯೇ ಫಾರ್ಮ್ಯಾಟ್ ಮಾಡಿ, ನಾಲ್ಕಾರು ಸಿನಿಮಾಗಳನ್ನೂ ತುಂಬಿಸಿ ತಂದಿದ್ದರು.

ವೇಗದ ಬಗ್ಗೆ ಒಂದೆರಡು ಮಾತು. 512ಇ ಡಿಸ್ಕ್ ನಿಧಾನವಾಗುವುದು ಬರವಣಿಗೆ 4096ರ ಗಡಿಗೆ ಕೂಡದಿದ್ದಾಗ: ಆಗ ಡಿಸ್ಕ್ ಇಡೀ ಸೆಕ್ಟರನ್ನು ಓದಿ, ತಿದ್ದಿ, ತಟ್ಟೆ ಇನ್ನೊಂದು ಸುತ್ತು ಬರುವವರೆಗೆ ಕಾದು ಬರೆಯಬೇಕು. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನಲ್ಲಿ ಆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಎಕ್ಸ್‌ಪಿ ಪಾರ್ಟಿಷನನ್ನು 63ನೇ ಸೆಕ್ಟರಿನಲ್ಲಿ ಆರಂಭಿಸುತ್ತಿತ್ತು, 63 ಎಂಟರಿಂದ ಭಾಗವಾಗದು, ಹಾಗಾಗಿ ತೊಂದರೆ ಬರುತ್ತಿತ್ತು. ವಿಸ್ಟಾದಿಂದ ಈಚೆಗೆ ಆರಂಭ 2048ನೇ ಸೆಕ್ಟರಿನಲ್ಲಿ. ಹೀಗೆ ಸರಿಯಾಗಿ ಕೂತ ಡಿಸ್ಕನ್ನು 4ಕೆಎನ್ ಮಾಡಿದರೆ ಮನೆಯ ಬಳಕೆಯಲ್ಲಿ ಗುರುತಿಸುವಷ್ಟು ಲಾಭ ನಾನು ಕಂಡಿಲ್ಲ. ನಷ್ಟವೇ ಆಗಬಹುದು: ನೇರವಾಗಿ ಸಾಟಾಗೆ ಜೋಡಿಸಿದ ಆ ಡಿಸ್ಕನ್ನು ವಿಂಡೋಸ್ 7 ಒಪ್ಪುವುದಿಲ್ಲ, ವಿಂಡೋಸ್ 8ರಿಂದ ಈಚೆಗೆ ಒಪ್ಪಿದರೂ ಅದರಿಂದ ಬೂಟ್ ಆಗಲು, ಕಂಪ್ಯೂಟರನ್ನು ಶುರು ಮಾಡಿಸುವ ಹೊಸ ಬಗೆಯ ತಂತ್ರಾಂಶವಾದ ಯುಇಎಫ್‌ಐ ಇರಲೇಬೇಕು. ಅಲ್ಲದೆ ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಡಿಸ್ಕ್‌ಗಳಲ್ಲಿ ಹೆಚ್ಚಿನವು ಬದಲಾವಣೆಯ ಆಜ್ಞೆಯನ್ನೇ ಸ್ವೀಕರಿಸುವುದಿಲ್ಲ. ಸರ್ವರ್ ದರ್ಜೆಯ ಕೆಲವು ಮಾದರಿಗಳಿಗೆ ಮಾತ್ರ ಆ ಸೌಲಭ್ಯವಿದೆ.

ಲಿನಕ್ಸ್‌ನ ಎಚ್‌ಡಿಪಾರ್ಮ್ ಎಂಬ ಸಾಧನದ ಮೂಲಕ ಇದನ್ನು ಮಾಡುವಾಗ ಆಜ್ಞೆಯ ಜೊತೆಗೆ 'ಪ್ಲೀಸ್ ಡಿಸ್ಟ್ರಾಯ್ ಮೈ ಡ್ರೈವ್' ಎಂದು ಕೈಯಾರೆ ಸೇರಿಸಬೇಕು. ದಯವಿಟ್ಟು ನನ್ನ ಡಿಸ್ಕನ್ನು ನಾಶ ಮಾಡು ಎಂದು ಬೇಡಿಕೊಳ್ಳುವುದು. ಇದಕ್ಕಿಂತ ಸ್ಪಷ್ಟವಾಗಿ ನಾನು ಗ್ರಾಹಕರಿಗೆ ಹೇಳಲಾರೆ.

ನಿಜವಾಗಿಯೂ ಬದಲಿಸಲೇಬೇಕಾದ ಪ್ರಸಂಗವೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಗ್ಗಕ್ಕೆ ತರುವ ಹಳೆಯ ಸರ್ವರ್ ಡಿಸ್ಕ್‌ಗಳದು. ಅವುಗಳಲ್ಲಿ ಕೆಲವು 520 ಬೈಟ್ ಸೆಕ್ಟರಿನವು, ಸಾಮಾನ್ಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದಿಲ್ಲ. ಎಸ್‌ಜಿ ಫಾರ್ಮ್ಯಾಟ್ ಎಂಬ ಸಾಧನದಿಂದ 512ಕ್ಕೆ ತರಬೇಕು. ದೊಡ್ಡ ಡಿಸ್ಕಿಗೆ ಹಲವು ಗಂಟೆ, ಕೆಲವೊಮ್ಮೆ ಇಡೀ ದಿನವೇ ಬೇಕು, ನಡುವೆ ವಿದ್ಯುತ್ ಹೋಗಬಾರದು. ಕುಶಾಲನಗರದ ಹೋಮ್‌ಸ್ಟೇ ಒಂದರ ಕ್ಯಾಮೆರಾ ದಾಖಲೆಗೆಂದು ಬಂದ ಅಂತಹ ಡಿಸ್ಕನ್ನು ಜುಲೈ ತಿಂಗಳ ಒಂದು ಸಂಜೆ ಹಚ್ಚಿದ್ದೆ. ರಾತ್ರಿ ಎಲ್ಲಿಯೋ ತಂತಿಯ ಮೇಲೆ ಮರ ಬಿತ್ತು, ಯುಪಿಎಸ್ ನಲವತ್ತು ನಿಮಿಷ ಕೂಗಿ ಸುಮ್ಮನಾಯಿತು. ಬೆಳಿಗ್ಗೆ ಡಿಸ್ಕ್ 'ಮೀಡಿಯಂ ಫಾರ್ಮ್ಯಾಟ್ ಕರಪ್ಟೆಡ್' ಎಂಬ ಉತ್ತರ ಬಿಟ್ಟು ಬೇರೇನೂ ಹೇಳಲೊಲ್ಲದು. ಅದೃಷ್ಟಕ್ಕೆ ಮೊದಲಿನಿಂದ ಮತ್ತೆ ಫಾರ್ಮ್ಯಾಟ್ ಮಾಡಿದಾಗ ಸರಿಹೋಯಿತು. ಎಲ್ಲ ಡಿಸ್ಕೂ ಹಾಗೆ ಸರಿಹೋಗುತ್ತದೆಂದು ಹೇಳಲಾರೆ. ಈಗ ಮಳೆಗಾಲದಲ್ಲಿ ಈ ಕೆಲಸ ತಂದವರಿಗೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಬನ್ನಿ ಎನ್ನುತ್ತೇನೆ.