ಗೊಲ್ಯಾದ್ಕಿನ್ ಓದಿ ಬೇಸರಪಟ್ಟವರ ಪರವಾಗಿ

ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಗೆ ಆಗ 24 ವರ್ಷ. 1846ರ ಜನವರಿಯಲ್ಲಿ ಮೊದಲ ಕಾದಂಬರಿ ಅಚ್ಚಾಯಿತು. ಪೀಟರ್ಸ್‌ಬರ್ಗ್‌ನ ಸಾಹಿತಿಗಳು ಅವನನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಮುಂದಿನ ತಿಂಗಳೇ ಎರಡನೆಯದು ಬಂತು, ‘ದಿ ಡಬಲ್’. ತನ್ನದೇ ತದ್ರೂಪಿಯನ್ನು ಕಂಡು ಭ್ರಮೆಗೆ ಸಿಕ್ಕ ಗೊಲ್ಯಾದ್ಕಿನ್ ಎಂಬವನ ಕಥೆ. ಹೊತ್ತವರೇ ಕೆಳಗಿಳಿಸಿದರು. ಸಿಕ್ಕಾಪಟ್ಟೆ ಉದ್ದ, ಹೇಳಿದ್ದನ್ನೇ ಹೇಳ್ತಾನೆ ಎಂಬ ದೂರುಗಳು. ಎಲ್ಲರಿಗೂ ಬೇಸರವಾಗಿದೆಯಂತೆ ಎಂದು ಅಣ್ಣನಿಗೆ ಬರೆದ ಕಾಗದದಲ್ಲಿ ಅವನೇ ತೋಡಿಕೊಂಡಿದ್ದಾನೆ. ಬೈಯುತ್ತಲೇ ಎಲ್ಲರೂ ಮತ್ತೆ ಮತ್ತೆ ಓದುತ್ತಿದ್ದಾರೆ ಎಂದೂ ಅದೇ ಕಾಗದದಲ್ಲಿದೆ. ಮರುವರ್ಷ ವಿಮರ್ಶಕ ಬೆಲಿನ್‌ಸ್ಕಿ ಖಾರವಾಗಿ ಬರೆದ. ಇಂಥ ವಿಚಿತ್ರ ಕಲ್ಪನೆಗಳಿಗೆ ಜಾಗವಿರುವುದು ಹುಚ್ಚಾಸ್ಪತ್ರೆಯಲ್ಲಿ, ಸಾಹಿತ್ಯದಲ್ಲಲ್ಲ. ಅದು ಡಾಕ್ಟರುಗಳ ಕೆಲಸ, ಕವಿಗಳದ್ದಲ್ಲ ಎಂಬುದು ಅವನ ವಾದ.

ನಾನು ಆ ಡಾಕ್ಟರುಗಳ ಪೈಕಿಯವನು, ಮನೋವೈದ್ಯ. ಈ ಕಾದಂಬರಿ ಓದಿದವರು ನನ್ನ ಹತ್ತಿರ ಅದರ ಮಾತೆತ್ತುವುದುಂಟು. ಕೆಲವರಿಗೆ ನಿದ್ದೆ ಕೆಟ್ಟಿರುತ್ತದೆ. ಇನ್ನು ಕೆಲವರು ಅರ್ಧಕ್ಕೆ ಬಿಟ್ಟಿರುತ್ತಾರೆ. ಬಿಟ್ಟವರು ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತಾರೆ, "ನನಗೆ ಅರ್ಥ ಆಗಲಿಲ್ಲ ಅನ್ಸತ್ತೆ" ಅಂತ. ನನ್ನ ಅನುಮಾನ ಬೇರೆ. ಅವರಲ್ಲಿ ಬಹಳ ಜನರಿಗೆ ಅದು ಚೆನ್ನಾಗಿಯೇ ಅರ್ಥವಾಗಿದೆ. ಭ್ರಮೆ ಹತ್ತಿರದಿಂದ ಹಾಗೆಯೇ ಇರುತ್ತದೆ: ಹೇಳಿದ್ದೇ ಹೇಳುವುದು, ಸುತ್ತಿದಲ್ಲೇ ಸುತ್ತುವುದು, ಎದುರಿಗಿರುವವರ ಜೀವ ಹಿಂಡುವುದು.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಸಾಲು. ಗೊಲ್ಯಾದ್ಕಿನ್ ಸರ್ಕಾರಿ ಕಚೇರಿಯ ನೌಕರ. ದೊಡ್ಡ ಮನುಷ್ಯರೊಬ್ಬರ ಮಗಳ ಹುಟ್ಟುಹಬ್ಬಕ್ಕೆ ಕರೆಯದೆ ನುಗ್ಗುತ್ತಾನೆ, ಹೊರಗೆ ತಳ್ಳಿಸಿಕೊಳ್ಳುತ್ತಾನೆ. ಆ ರಾತ್ರಿ ಹಿಮಗಾಳಿಯಲ್ಲಿ ತನ್ನದೇ ತದ್ರೂಪಿಯೊಬ್ಬ ಎದುರಾಗುತ್ತಾನೆ. ಹೆಸರೂ ಅದೇ, ಊರೂ ಅದೇ. ಮರುದಿನ ನೋಡಿದರೆ ಕಚೇರಿಯಲ್ಲಿ ಎದುರಿನ ಮೇಜಿನಲ್ಲೇ ಕೂತಿದ್ದಾನೆ. ಮೊದಲು ಸ್ನೇಹ, ಆಮೇಲೆ ಮೋಸ. ಕೊನೆಗೆ ಡಾಕ್ಟರು ಬಂದು ಗೊಲ್ಯಾದ್ಕಿನ್‌ನನ್ನು ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ.

ತದ್ರೂಪಿ ಬರುವ ಮೊದಲಿನ ಪುಟಗಳನ್ನು ಓದುಗರು ಬೇಗ ದಾಟಿಬಿಡುತ್ತಾರೆ. ನನಗೆ ಅವೇ ಹೆಚ್ಚು ಇಷ್ಟ. ಬೆಳಗ್ಗೆ ಎದ್ದವನೇ ಕನ್ನಡಿ ನೋಡಿಕೊಳ್ಳುತ್ತಾನೆ. ಬಾಡಿಗೆ ಗಾಡಿ ಹತ್ತಿ ಹೊರಡುತ್ತಾನೆ, ದಾರಿಯಲ್ಲಿ ಮೇಲಧಿಕಾರಿ ಕಣ್ಣಿಗೆ ಬೀಳುತ್ತಾರೆ. ನಮಸ್ಕಾರ ಮಾಡಲೋ ಬೇಡವೋ ಎಂದು ಒದ್ದಾಡಿ, ಇದು ನಾನಲ್ಲ, ನನ್ನ ಹಾಗೇ ಕಾಣುವ ಬೇರೆ ಯಾರೋ ಎಂದು ನಟಿಸಿಬಿಡಲೇ ಎಂದುಕೊಳ್ಳುತ್ತಾನೆ. ತದ್ರೂಪಿಯ ಬೀಜ ಅಲ್ಲೇ ಬಿತ್ತು, ಇನ್ನೂ ಹಗಲಿರುವಾಗಲೇ. ಡಾಕ್ಟರ ಹತ್ತಿರ ಹೋಗಿ ತನಗೆ ಶತ್ರುಗಳಿದ್ದಾರೆ ಅನ್ನುತ್ತಾನೆ. ಯಾರು, ಏನು, ಎತ್ತ ಎಂದು ಕೇಳಿದರೆ ಮಾತು ತೊಡರುತ್ತದೆ.

ಮನೋವೈದ್ಯರು ಈ ಹಂತವನ್ನು ಗುರುತಿಸಿ ಬರೆದದ್ದು ಎಷ್ಟೋ ವರ್ಷಗಳ ನಂತರ. ಏನೋ ನಡೀತಿದೆ, ಏನೆಂದು ಗೊತ್ತಿಲ್ಲ, ಆದರೆ ಅದು ನನಗೇ ಸಂಬಂಧಿಸಿದ್ದು ಎಂಬ ಈ ತಳಮಳವನ್ನು ಕಾರ್ಲ್ ಯಾಸ್ಪರ್ಸ್ 1913ರಲ್ಲಿ ವಿವರಿಸಿದರು. 1958ರಲ್ಲಿ ಕ್ಲಾಸ್ ಕಾನ್ರಾಡ್ ಇದನ್ನು, ನಟನೊಬ್ಬ ರಂಗಕ್ಕೆ ಕಾಲಿಡುವ ಮುಂಚಿನ ಕ್ಷಣದ ನಡುಕಕ್ಕೆ ಹೋಲಿಸಿದರು. ಈ ಸ್ಥಿತಿಯಲ್ಲಿ ಬಹಳ ದಿನ ಇರುವುದು ಕಷ್ಟ. ಆಮೇಲೆ ಒಂದು ದಿನ ಉತ್ತರ ಸಿಕ್ಕಿಬಿಡುತ್ತದೆ. ಪಕ್ಕದ ಮನೆಯವರು, ಪೊಲೀಸರು, ಗುಪ್ತಚರರು, ಅಥವಾ ನನ್ನದೇ ಮುಖದ ಇನ್ನೊಬ್ಬ. ಎಷ್ಟೋ ರೋಗಿಗಳು ಆ ಗಳಿಗೆಯನ್ನು ನೆನೆಯುವುದು "ಆಗ ಎಲ್ಲ ಅರ್ಥ ಆಯ್ತು ಡಾಕ್ಟ್ರೇ" ಎಂದೇ. ಭಯದ ಜೊತೆಗೆ ಅದರಲ್ಲಿ ಒಂದು ಬಗೆಯ ನಿರಾಳವೂ ಇರುತ್ತದೆ. ಹೊರಗಿನವರಿಗೆ ಕಾಯಿಲೆ ಶುರುವಾದಂತೆ ಕಾಣುವ ಹೊತ್ತು ಒಳಗಿದ್ದವರಿಗೆ ಗೊಂದಲ ಮುಗಿದ ಹೊತ್ತು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಆ ತದ್ರೂಪಿ ನಿಜವಾಗಿಯೂ ಇದ್ದಾನಾ? ಕಚೇರಿಯವರು ಅವನ ಜೊತೆ ಮಾತಾಡುತ್ತಾರೆ. ಇಬ್ಬರೂ ಒಂದೇ ಥರ ಇದ್ದೀರಿ ಎಂದು ಒಬ್ಬ ಸಹೋದ್ಯೋಗಿ ಒಪ್ಪುತ್ತಾನೆ. ನನ್ನ ಚಿಕ್ಕಮ್ಮನೊಬ್ಬರು ಸಾಯುವ ಮುಂಚೆ ತಮ್ಮ ತದ್ರೂಪಿಯನ್ನೇ ಕಂಡಿದ್ದರು ಎಂದು ಬೇರೆ ಹೇಳುತ್ತಾನೆ. (ಆ ಪುಣ್ಯಾತ್ಮ ಇದನ್ನು ಸಮಾಧಾನ ಮಾಡಲೆಂದು ಹೇಳುತ್ತಾನೆ!) ಹಾಗಾದರೆ ಇದು ಭ್ರಮೆ ಹೇಗೆ? ಲೇಖಕ ಮೋಸ ಮಾಡಿದ ಎಂದು ಕೋಪಗೊಳ್ಳುವವರು ಇಲ್ಲೇ ಕೋಪಗೊಳ್ಳುವುದು.

ಆದರೆ ನಾವು ಗೊಲ್ಯಾದ್ಕಿನ್‌ನ ಹೆಗಲಿಗೆ ಅಂಟಿಕೊಂಡೇ ಎಲ್ಲವನ್ನೂ ನೋಡುತ್ತಿದ್ದೇವೆ, ಅಲ್ವಾ? ಅವನಿಗೆ ಕೇಳಿಸಿದ್ದು ನಮಗೆ ಕೇಳಿಸುತ್ತದೆ. ಭ್ರಮೆಗೆ ಒಳಗಿನಿಂದ ಹೊಲಿಗೆ ಕಾಣುವುದಿಲ್ಲ. ನಿಜ ಎಲ್ಲಿ ಮುಗಿಯಿತು, ಭ್ರಮೆ ಎಲ್ಲಿ ಶುರುವಾಯಿತು ಎಂದು ತೋರಿಸುವ ಗುರುತು ರೋಗಿಗೆ ಸಿಗುವುದಿಲ್ಲ. ಅದೇ ಗುರುತನ್ನು ಓದುಗರು ಪುಸ್ತಕದಲ್ಲಿ ಹುಡುಕುತ್ತಾರೆ, ಸಿಗದೆ ಸಿಟ್ಟಾಗುತ್ತಾರೆ. ಮನೆಯವರು ಮಾಡುವುದೂ ಇದನ್ನೇ. ಫೋನ್ ಬಿಚ್ಚಿ ತೋರಿಸುತ್ತಾರೆ, ನೋಡು ಒಳಗೆ ಏನೂ ಇಲ್ಲ. ಬಾಗಿಲು ತೆಗೆದು ತೋರಿಸುತ್ತಾರೆ, ಯಾರೂ ನಿಂತಿಲ್ಲ. ರೋಗಿ ಒಪ್ಪುವುದಿಲ್ಲ. ಏನೂ ಇಲ್ಲದಿರುವುದೇ ಎಷ್ಟು ಚಾಲಾಕಿತನದಿಂದ ಬಚ್ಚಿಟ್ಟಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಹಾಗಾಗಿ ನಾವು ಮನೋವೈದ್ಯರು ವಾದಕ್ಕೆ ಇಳಿಯುವುದಿಲ್ಲ. ಹೌದು ಹೌದು ಎಂದು ತಲೆಯಾಡಿಸುವುದೂ ಇಲ್ಲ. ನಿದ್ದೆ ಹೇಗಿದೆ, ಎಷ್ಟು ಭಯ ಆಗ್ತಿದೆ, ಇದರಿಂದ ದಿನ ಹೇಗೆ ಹೋಗ್ತಿದೆ ಎಂದು ಕೇಳುತ್ತೇವೆ. ಅಲ್ಲಿ ಇಬ್ಬರೂ ನಿಲ್ಲುವಷ್ಟು ಜಾಗ ಇರುತ್ತದೆ.

ಓದಿದ ಕೂಡಲೇ ಕಾಯಿಲೆಗೆ ಹೆಸರಿಡುವ ಚಟ ಕೆಲವರಿಗೆ. ಹೆಚ್ಚು ಕೇಳಿಬರುವುದು ‘ಸ್ಪ್ಲಿಟ್ ಪರ್ಸನಾಲಿಟಿ’. ಅದಲ್ಲ. ಒಂದೇ ದೇಹದಲ್ಲಿ ಬೇರೆ ಬೇರೆ ವ್ಯಕ್ತಿತ್ವಗಳು ಸರದಿಯಂತೆ ಬರುವ ಸ್ಥಿತಿ ಬೇರೆ, ನನ್ನ ಥರದ ಇನ್ನೊಬ್ಬ ಹೊರಗೆ ಓಡಾಡುತ್ತಿದ್ದಾನೆ ಎಂಬ ನಂಬಿಕೆ ಬೇರೆ. ನಿಜ ಯಾವುದು, ಭ್ರಮೆ ಯಾವುದು ಎಂಬ ಗೆರೆ ಅಳಿಸಿಹೋಗುವ ಕಾಯಿಲೆ ಸ್ಕಿಜೋಫ್ರೇನಿಯಾ, ಹಾಗೆಂದರೂ ಎರಡು ವ್ಯಕ್ತಿತ್ವ ಎಂದರ್ಥವಲ್ಲ. ಈ ತಪ್ಪು ತಿಳಿವಳಿಕೆ ತಿದ್ದಿ ತಿದ್ದಿ ಸಾಕಾಗಿದೆ. ವೈದ್ಯಕೀಯದಲ್ಲಿ ಗೊಲ್ಯಾದ್ಕಿನ್‌ಗೆ ಹತ್ತಿರದ ವಿವರಣೆ ಬಂದದ್ದು 1978ರಲ್ಲಿ. ತನ್ನದೇ ತದ್ರೂಪಿ ಇದ್ದಾನೆ ಎಂದು ನಂಬುವವರ ಬಗ್ಗೆ ಕ್ರಿಸ್ಟೊಡುಲು ಎಂಬ ಮನೋವೈದ್ಯರು ಬರೆದರು. ಅದಕ್ಕೂ ಮುಂಚೆ, 1923ರಲ್ಲಿ, ಗಂಡ ಮಕ್ಕಳ ಜಾಗದಲ್ಲಿ ಅವರಂತೆಯೇ ಕಾಣುವ ನಕಲಿಗಳು ಬಂದಿದ್ದಾರೆ ಎಂದು ನಂಬಿದ್ದ ಹೆಂಗಸಿನ ಬಗ್ಗೆ ಜೋಸೆಫ್ ಕಾಪ್‌ಗ್ರಾ ಮತ್ತು ಅವರ ಸಹೋದ್ಯೋಗಿಯೊಬ್ಬರು ವರದಿ ಮಾಡಿದ್ದರು. ಕಾಪ್‌ಗ್ರಾ ಭ್ರಮೆ ಸ್ಕಿಜೋಫ್ರೇನಿಯಾದಲ್ಲಿ ಮಾತ್ರವಲ್ಲ, ಮರೆಗುಳಿತನದ ಕಾಯಿಲೆಗಳಲ್ಲಿ, ತಲೆಗೆ ಪೆಟ್ಟಾದವರಲ್ಲಿ ಕೂಡ ಕಾಣಿಸುತ್ತದೆ. ಹೀಗಿರುವಾಗ ಬರೀ ಪುಸ್ತಕ ಓದಿ ಗೊಲ್ಯಾದ್ಕಿನ್‌ಗೆ ಕೇಸ್ ಶೀಟ್ ಬರೆಯಲು ನಾನು ಸಿದ್ಧನಿಲ್ಲ. ಜ್ವರ ಇತ್ತಾ, ಕುಡಿತ ಎಷ್ಟಿತ್ತು, ಮನೆತನದಲ್ಲಿ ಯಾರಿಗಿತ್ತು, ಎಷ್ಟು ತಿಂಗಳಿಂದ ಇತ್ತು, ಯಾರನ್ನು ಕೇಳೋಣ?

ಬೇಸರದ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ನನಗೆ ಮುಖ್ಯ ಅನ್ನಿಸುವುದು ಅದೇ. ನಾನು ಯಾರ ಸುದ್ದಿಗೂ ಹೋಗುವವನಲ್ಲ, ಮುಖವಾಡ ಹಾಕುವವನಲ್ಲ ಎಂಬ ಮಾತನ್ನು ಗೊಲ್ಯಾದ್ಕಿನ್ ಹೊರಳಿಸಿ ಹೊರಳಿಸಿ ಆಡುತ್ತಾನೆ. ವಾಕ್ಯ ಶುರು ಮಾಡುತ್ತಾನೆ, ಮುಗಿಸುವುದಿಲ್ಲ. ಮನೆಯಲ್ಲಿ ಇಂಥ ಕಾಯಿಲೆ ಕಂಡವರು ಈ ಪುಟಗಳನ್ನು ಓದಿದರೆ ಗೊಲ್ಯಾದ್ಕಿನ್‌ನಲ್ಲಿ ತಮ್ಮನ್ನು ಕಾಣುವುದು ಕಡಿಮೆ. ಅವರು ಕಾಣುವುದು ಅವನ ಆಳು ಪೆತ್ರೂಷ್ಕಾನಲ್ಲಿ. ಸೋಮಾರಿ, ಕುಡುಕ, ಒರಟ. ಆದರೂ ದಿನವಿಡೀ ಆ ಮನುಷ್ಯನ ಜೊತೆ ಇದ್ದವನು ಅವನೊಬ್ಬನೇ. ಕೊನೆಗೆ ಅವನೂ ಬಿಟ್ಟು ಹೋಗುತ್ತಾನೆ, ಒಳ್ಳೆಯ ಜನ ಇಬ್ಬಿಬ್ಬರಾಗಿ ಇರುವುದಿಲ್ಲ ಎಂದು ಗೊಣಗಿಕೊಂಡು. ಕೆಟ್ಟವನು ಎಂದು ಬೈಯುವ ಓದುಗರಿದ್ದಾರೆ. ವರ್ಷಗಟ್ಟಲೆ ಇಂಥವರನ್ನು ನೋಡಿಕೊಂಡು ದಣಿದ ಅಮ್ಮಂದಿರನ್ನು, ತಂಗಿಯರನ್ನು ಕಂಡಿರುವ ನನಗೆ ಅವನ ಮೇಲೆ ಅಷ್ಟು ಸಿಟ್ಟು ಬರುವುದಿಲ್ಲ. ಪುಸ್ತಕ ಮುಚ್ಚಿಟ್ಟ ಓದುಗ ಪೆತ್ರೂಷ್ಕಾ ಮಾಡಿದ್ದನ್ನೇ ಮಾಡಿದ್ದಾನೆ.

ಇದಕ್ಕೆ ತದ್ವಿರುದ್ಧ ಇನ್ನೊಂದು ಬಗೆಯ ಕಾದಂಬರಿಗಳಿವೆ. ಕೊನೆಯ ಹತ್ತು ಪುಟದಲ್ಲಿ ತಿರುವು ಕೊಟ್ಟು, ಇದೆಲ್ಲ ಅವನ ತಲೆಯೊಳಗೆ ನಡೆದದ್ದು ಎಂದು ಚಪ್ಪಾಳೆ ಗಿಟ್ಟಿಸುವಂಥವು. ಓದುಗರಿಗೆ ಅವು ಜಾಸ್ತಿ ಇಷ್ಟ. ನನಗೆ ಸೇರುವುದಿಲ್ಲ. ಭ್ರಮೆ ಅಲ್ಲಿ ಬಿಡಿಸಿದರೆ ಮುಗಿಯುವ ಒಗಟು. ನಿಜವಾದ ರೋಗಿಗೆ ಆ ತಿರುವು ಸಿಗುವುದು ಅಪರೂಪ. ಔಷಧಿ ಹಿಡಿದಾಗ ಆಗುವುದು ಬಹಳ ಸಪ್ಪೆಯಾದ ಸಂಗತಿ. ಮೊದಲು ಆ ವಿಷಯ ಮನಸ್ಸಿಗೆ ಬರುವುದು ಕಡಿಮೆಯಾಗುತ್ತದೆ. ಭಯ ಇಳಿಯುತ್ತದೆ. ನಂಬಿಕೆ ಎಷ್ಟೋ ಕಾಲ ಮೂಲೆಯಲ್ಲಿ ಕೂತಿರುತ್ತದೆ. "ಅದು ಸುಳ್ಳಾಗಿತ್ತು" ಎಂದು ಬಾಯಿಬಿಟ್ಟು ಹೇಳದೆಯೇ ಕೆಲಸಕ್ಕೆ ಮರಳಿದವರು ಬೇಕಾದಷ್ಟು ಜನ. "ಈಗ ಅವರು ನನ್ನ ತಂಟೆಗೆ ಬರಲ್ಲ" ಅನ್ನುತ್ತಾರೆ, ಅಷ್ಟೇ.

ಮೆಚ್ಚಿಕೊಂಡವರ ಮಾತಿಗೂ ನನ್ನದೊಂದು ತಕರಾರಿದೆ. "ಇದು ನಮ್ಮೆಲ್ಲರ ಕಥೆ, ನಮ್ಮೆಲ್ಲರೊಳಗೂ ಒಬ್ಬ ಗೊಲ್ಯಾದ್ಕಿನ್ ಇದ್ದಾನೆ" ಅನ್ನುತ್ತಾರೆ. ಅರ್ಧ ನಿಜ. ತದ್ರೂಪಿಗೆ ಸಿಗುವುದೆಲ್ಲ ಗೊಲ್ಯಾದ್ಕಿನ್ ಬಯಸಿದ್ದೇ: ಮಾತಿನ ಚಾತುರ್ಯ, ಸಾಹೇಬರ ಮೆಚ್ಚುಗೆ, ದೊಡ್ಡ ಮನೆಗಳಲ್ಲಿ ಸಲಿಗೆ. ಹೋಟೆಲಿನಲ್ಲಿ ಇವನು ತಿಂದದ್ದು ಒಂದೇ ಕಡುಬು, ದುಡ್ಡು ಕೇಳುವುದು ಹನ್ನೊಂದಕ್ಕೆ. ಉಳಿದ ಹತ್ತನ್ನು ತದ್ರೂಪಿ ತಿಂದು ಬಾಗಿಲಲ್ಲಿ ನಿಂತು ನಗುತ್ತಿರುತ್ತಾನೆ. ಆ ಅವಮಾನ ಯಾರಿಗೆ ಅರ್ಥವಾಗುವುದಿಲ್ಲ? ಭ್ರಮೆಯ ಹೂರಣ ಅವರವರ ಬದುಕಿನಿಂದಲೇ ಬರುತ್ತದೆ. ಆದರೆ ಆ ಅವಮಾನ ಅಲುಗಾಡದ ಖಾತ್ರಿಯಾಗಿ ಬದಲಾಗುವುದು ನಮ್ಮೆಲ್ಲರಿಗೂ ಆಗುವಂಥದ್ದಲ್ಲ. ಅಲ್ಲಿ ಮೆದುಳಿನ ಪಾತ್ರವಿದೆ, ನಿದ್ದೆಗೇಡಿನ ಪಾತ್ರವಿದೆ, ವಂಶದ ಪಾತ್ರವಿದೆ. ಹೊಟ್ಟೆಕಿಚ್ಚು, ಕೀಳರಿಮೆ ಎಲ್ಲರಿಗೂ ಇರುತ್ತವೆ. ಹಾಗೆಂದು ಎಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ನಮ್ಮೆಲ್ಲರ ಕಥೆ ಎಂದುಬಿಟ್ಟರೆ ನಿಜವಾಗಿ ಅನುಭವಿಸಿದವರ ನರಳಾಟ ಹಗುರವಾಗಿಬಿಡುತ್ತದೆ.

ಕಾದಂಬರಿಯ ಡಾಕ್ಟರ ಬಗ್ಗೆ ಹೇಳದಿದ್ದರೆ ಸರಿಯಲ್ಲ. ಜನರ ಜೊತೆ ಬೆರೆಯಿರಿ, ನಾಟಕ ನೋಡಿ, ಕುಡಿತವನ್ನು ಪೂರ್ತಿ ದೂರ ಇಡಬೇಡಿ ಎಂದು ರೂಟೆನ್‌ಸ್ಪಿಟ್ಜ್ ಸಲಹೆ ಕೊಡುತ್ತಾರೆ. ಈಗ ಓದಿದರೆ ಕಸಿವಿಸಿಯಾಗುತ್ತದೆ. ಆದರೆ ಭ್ರಮೆಗೆ ಮೊದಲ ಪರಿಣಾಮಕಾರಿ ಔಷಧಿಯಾದ ಕ್ಲೋರ್‌ಪ್ರೊಮಜೀನ್ ಬಂದದ್ದು 1952ರಲ್ಲಿ. 1846ರಲ್ಲಿ ಆ ಮನುಷ್ಯ ಇನ್ನೇನು ಕೊಡಬಹುದಿತ್ತು? ನನಗೆ ಅಳುಕಿರುವುದು ಕೊನೆಯ ದೃಶ್ಯದ ಬಗ್ಗೆ. ಕತ್ತಲು, ಗಾಡಿ, ಉರಿಯುವ ಎರಡು ಕಣ್ಣುಗಳ ಡಾಕ್ಟರು. ಸಾಹಿತ್ಯವಾಗಿ ಅದ್ಭುತ. ಆದರೆ ಈಗಷ್ಟೇ ಅನುಮಾನಗಳು ಶುರುವಾಗಿರುವ ಒಬ್ಬ ಹುಡುಗ ಇದನ್ನು ಓದಿದರೆ ಡಾಕ್ಟರ ಬಳಿ ಬರುವುದನ್ನು ಇನ್ನಷ್ಟು ಮುಂದೂಡುತ್ತಾನೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಗುಣ ಕಾಣುವ ಸಾಧ್ಯತೆ ಹೆಚ್ಚು, ಈಗ ಬಹುಪಾಲು ಜನ ಆಸ್ಪತ್ರೆಗೆ ಬಂದು ತೋರಿಸಿಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಿ ಅಂಥ ಹೊತ್ತಿನಲ್ಲಿರುವವರಿಗೆ ನಾನು ಈ ಪುಸ್ತಕ ಕೊಡುವುದಿಲ್ಲ. ಚೇತರಿಸಿಕೊಂಡವರು ತಾವಾಗಿ ಕೇಳಿದರೆ ಆ ಮಾತು ಬೇರೆ.

ಹಾಗೆಂದು ಪುಸ್ತಕದ ಬೇಸರವೆಲ್ಲ ಕಾಯಿಲೆಯ ಸತ್ಯ ಎಂದು ನಾನು ವಕಾಲತ್ತು ವಹಿಸುವುದಿಲ್ಲ. ನಡುವೆ ಬರುವ ಕಾಗದಗಳ ಗೋಜಲು, ಯಾರು ಯಾರಿಗೆ ಏನು ಬರೆದರು ಎಂಬುದು, ನನಗೂ ತಲೆನೋವೇ. ಅಲ್ಲಿ ಎಳೆದಾಡುತ್ತಿರುವುದು ಗೊಲ್ಯಾದ್ಕಿನ್ ಅಲ್ಲ, ದಾಸ್ತೊಯೆವ್‌ಸ್ಕಿ. ಅದು ಅವನಿಗೂ ಗೊತ್ತಿತ್ತು. 1866ರಲ್ಲಿ ಕತ್ತರಿ ಹಿಡಿದು ಪುಸ್ತಕವನ್ನು ತಿದ್ದಿದ. ತನ್ನ ವಿಚಾರ ಗಟ್ಟಿಯಾಗಿತ್ತು, ಅದಕ್ಕಿಂತ ಗಂಭೀರವಾದದ್ದನ್ನು ತಾನು ಸಾಹಿತ್ಯಕ್ಕೆ ಕೊಟ್ಟಿಲ್ಲ, ಆದರೆ ಕಥೆಯ ಕಟ್ಟಡ ಮಾತ್ರ ಕೈಕೊಟ್ಟಿತು ಎಂದು 1877ರಲ್ಲಿ ಬರೆದುಕೊಂಡ. ಅರ್ಧಕ್ಕೆ ಬಿಟ್ಟವರು ಇನ್ನೊಮ್ಮೆ ಕೈಗೆತ್ತಿಕೊಳ್ಳುವುದಾದರೆ ಆ ಕಾಗದಗಳ ಭಾಗವನ್ನು ಸುಮ್ನೆ ಹಾರಿಸಿ ಮುಂದೆ ಹೋಗಿ. ಬರೆದವನೇ ಒಪ್ಪಿಕೊಂಡ ಮೇಲೆ ಸಂಕೋಚ ಯಾಕೆ?