ಮೆಮ್‌ಕಾಪಿ ತಂದ ರಗಳೆ

2010ರ ಕೊನೆಯಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ಬಗೆಯಾದ ಫೆಡೋರಾ 14 ಹಾಕಿಕೊಂಡ ಬಳಕೆದಾರರಿಗೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಬ್ರೌಸರ್‌ನಲ್ಲಿ ಹಾಡು ಹಾಕಿದರೆ ಸದ್ದು ಕೆಟ್ಟು ಬರುತ್ತಿತ್ತು. ಹಾಡು ನುಡಿಸುತ್ತಿದ್ದ ಅಡೋಬಿ ಫ್ಲ್ಯಾಶ್ ಪ್ಲೇಯರ್‌ನದು ತಪ್ಪು ಅನ್ನೋಣವೆಂದರೆ ಹಿಂದಿನ ಫೆಡೋರಾದಲ್ಲಿ ಅದೇ ಪ್ಲೇಯರ್ ಚೆನ್ನಾಗಿ ನಡೆಯುತ್ತಿತ್ತು. ಬದಲಾಗಿದ್ದು ಅದರ ಕೆಳಗಿದ್ದ ಜಿಲಿಬ್‌ಸಿ ಎಂಬ ಲೈಬ್ರರಿ.

ಫೈಲ್ ತೆರೆಯುವುದು, ಮೆಮೊರಿ ಕೇಳುವುದು ಮುಂತಾದ ಕೆಲಸಗಳನ್ನು ಪ್ರತಿ ಪ್ರೋಗ್ರಾಂ ತಾನೇ ಬರೆದುಕೊಳ್ಳುವುದಿಲ್ಲ. ಸಿಸ್ಟಂನಲ್ಲಿ ಅದಕ್ಕೆಂದೇ ಒಂದು ಲೈಬ್ರರಿ ಇರುತ್ತದೆ, ಎಲ್ಲವೂ ಅದನ್ನೇ ಹಂಚಿಕೊಳ್ಳುತ್ತವೆ. ಅದರಲ್ಲಿ ದೋಷ ಸಿಕ್ಕರೆ ಒಂದು ಫೈಲ್ ಬದಲಿಸಿದರೆ ಸಾಕು, ಎಲ್ಲ ಪ್ರೋಗ್ರಾಂಗಳೂ ಒಟ್ಟಿಗೆ ಸರಿಹೋಗುತ್ತವೆ. ಕೆಡುವುದೂ ಹಾಗೆಯೇ, ಒಟ್ಟಿಗೆ.

ಇಲ್ಲಿ ಸಿಕ್ಕಿಬಿದ್ದಿದ್ದು ಮೆಮ್‌ಕಾಪಿ ಎಂಬ ಪುಟ್ಟ ಫಂಕ್ಷನ್. ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಬೈಟುಗಳನ್ನು ನಕಲು ಮಾಡುವುದು ಅದರ ಕೆಲಸ. ಎರಡು ಜಾಗಗಳು ಒಂದರ ಮೇಲೊಂದು ಬರಬಾರದು ಎಂಬುದು ಸಿ ಭಾಷೆಯ ನಿಯಮ. ಬರುವಂತಿದ್ದರೆ ಅದನ್ನೂ ಸರಿಯಾಗಿ ನಿಭಾಯಿಸುವ ಮೆಮ್‌ಮೂವ್ ಎಂಬ ಇನ್ನೊಂದು ಫಂಕ್ಷನ್ ಬಳಸಬೇಕು. ಫ್ಲ್ಯಾಶ್ ಬರೆದವರು ಈ ನಿಯಮ ಮೀರಿದ್ದರು.

ಮೀರಿದರೆ ಏನಾಗುತ್ತದೆ? ಸಾಲಾಗಿ ನಾಲ್ಕು ಮನೆಗಳಲ್ಲಿ ಕ, ಖ, ಗ, ಘ ಇವೆ ಎನ್ನಿ. ಕೊನೆಯ ಮೂರನ್ನು ಒಂದೊಂದು ಮನೆ ಎಡಕ್ಕೆ ನಕಲು ಮಾಡಬೇಕು. ಮೊದಲಿನಿಂದ ಶುರು ಮಾಡಿದರೆ ಖ, ಗ, ಘ, ಘ ಸಿಗುತ್ತದೆ, ಅದೇ ಬೇಕಾಗಿದ್ದು. ಕೊನೆಯಿಂದ ಶುರು ಮಾಡಿ ನೋಡಿ: ಘ ಹೋಗಿ ಗ ಇದ್ದಲ್ಲಿ ಕೂರುತ್ತದೆ, ಅದೇ ಘ ಮತ್ತೆ ಖ ಇದ್ದಲ್ಲಿಗೆ, ಆಮೇಲೆ ಕ ಇದ್ದಲ್ಲಿಗೆ. ಉಳಿಯುವುದು ಘ, ಘ, ಘ, ಘ. ಹಾಡಿಗೂ ಇದೇ ಗತಿ. ಹಳೆಯ ಮೆಮ್‌ಕಾಪಿ ಮೊದಲಿನಿಂದ ನಕಲು ಮಾಡುತ್ತಿತ್ತು, ತಪ್ಪು ಮುಚ್ಚಿಹೋಗಿತ್ತು. ಹೊಸ ಇಂಟೆಲ್ ಪ್ರೊಸೆಸರ್‌ಗಳಲ್ಲಿ ವೇಗ ಹೆಚ್ಚಲಿ ಎಂದು ಬರೆದ ಹೊಸದು ಕೆಲವೊಮ್ಮೆ ಕೊನೆಯಿಂದ ಹೊರಡುತ್ತಿತ್ತು.

ಜಗಳ ಶುರುವಾಯಿತು. ನಿಯಮ ಮುರಿದಿದ್ದು ಫ್ಲ್ಯಾಶ್, ಲೈಬ್ರರಿಯದೇನು ತಪ್ಪು ಎಂದರು ಕೆಲವರು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ: ಬಳಕೆದಾರನಿಗೆ ನಿಯಮ ಗೊತ್ತಿಲ್ಲ, ನಿನ್ನೆ ಕೇಳುತ್ತಿದ್ದ ಹಾಡು ಇವತ್ತು ಕೆಟ್ಟಿದೆ ಅಷ್ಟೇ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಫ್ಲ್ಯಾಶ್‌ನ ಸೋರ್ಸ್ ಕೋಡ್ ಅಡೋಬಿಯವರ ಹತ್ತಿರ ಮಾತ್ರ ಇತ್ತು. ಬೇರೆಯವರು ತಿದ್ದುವುದಾದರೂ ಹೇಗೆ?

2011ರ ಜಿಲಿಬ್‌ಸಿ 2.14 ಕೊಟ್ಟ ಪರಿಹಾರ ಜಾಣತನದ್ದು. ಈ ಲೈಬ್ರರಿಯಲ್ಲಿ ಫಂಕ್ಷನ್‌ಗಳ ಹೆಸರಿಗೆ ಒಂದು ಆವೃತ್ತಿ ಸಂಖ್ಯೆ ಅಂಟಿರುತ್ತದೆ. ಪ್ರೋಗ್ರಾಂ ಕಟ್ಟುವಾಗ, ಅಂದರೆ ಬರೆದ ಕೋಡನ್ನು ನಡೆಯುವ ಫೈಲಾಗಿ ಮಾಡುವಾಗ, ಆ ಸಂಖ್ಯೆಯೂ ಅದರೊಳಗೆ ದಾಖಲಾಗುತ್ತದೆ. 1990ರ ದಶಕದಲ್ಲಿ ಸನ್ ಕಂಪನಿಯ ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿದ್ದ ಉಪಾಯವನ್ನು ಜಿಲಿಬ್‌ಸಿ ಇನ್ನಷ್ಟು ಬೆಳೆಸಿತ್ತು. ಒಂದೇ ಫೈಲಿನಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್‌ಗಳು ಬೇರೆ ಬೇರೆ ಸಂಖ್ಯೆ ಹೊತ್ತು ಜೊತೆಗಿರಬಹುದು. ಹಾಗಾಗಿ 2.2.5 ಎಂಬ ಹಳೆಯ ಸಂಖ್ಯೆಯ ಮೆಮ್‌ಕಾಪಿ ಕೇಳುವ ಹಳೆಯ 64 ಬಿಟ್ ಪ್ರೋಗ್ರಾಂಗಳಿಗೆ ಒಳಗಿಂದ ಮೆಮ್‌ಮೂವ್ ಸಿಕ್ಕಿತು. ಹೊಸದಾಗಿ ಕಟ್ಟಿದವಕ್ಕೆ 2.14ರ ವೇಗದ ಮೆಮ್‌ಕಾಪಿ.

ಇದಕ್ಕೂ ಬೆಲೆ ಇದೆ. ಹಳೆಯ ಪ್ರೋಗ್ರಾಂ ಹೊಸ ಸಿಸ್ಟಂನಲ್ಲಿ ನಡೆಯುತ್ತದೆ, ಆದರೆ ಹೊಸ ಸಿಸ್ಟಂನಲ್ಲಿ ಕಟ್ಟಿದ್ದು ಹಳೆಯದರಲ್ಲಿ 2.14 ಇಲ್ಲ ಎಂದು ಮುಷ್ಕರ ಹೂಡುತ್ತದೆ. ಎಲ್ಲ ಕಡೆ ನಡೆಯಬೇಕೆಂದರೆ ಬೇಕೆಂದೇ ಹಳೆಯ ಸಿಸ್ಟಂ ಹುಡುಕಿ ಅದರಲ್ಲೇ ಕಟ್ಟಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರು 2016ರಲ್ಲಿ ಲಿನಕ್ಸ್‌ಗೆಂದು ಸಿದ್ಧ ಪ್ಯಾಕೇಜುಗಳ ನಿಯಮ ಮಾಡಿದಾಗ ಆರಿಸಿಕೊಂಡಿದ್ದು 2007ರ ಸೆಂಟ್‌ಓಎಸ್ 5 ಎಂಬ ಹಳೆಯ ಲಿನಕ್ಸ್ ಅನ್ನು.