ಜೋರು ಮಾಡಲು ಹೋಗಿ ಪೆಟ್ಟು ಕಳೆದುಕೊಂಡ ಆಲ್ಬಂ

ನನ್ನ ಕೆಲಸ ಮಾಸ್ಟರಿಂಗ್. ಹಾಡಿನ ರೆಕಾರ್ಡಿಂಗ್, ಮಿಕ್ಸಿಂಗ್ (ವಾದ್ಯ, ದನಿಗಳನ್ನು ಹದವಾಗಿ ಬೆರೆಸುವುದು) ಎಲ್ಲ ಮುಗಿದ ಮೇಲೆ, ಅದು ಹೊರಗೆ ಹೋಗುವ ಮುಂಚೆ ಕೊನೆಯ ಸಲ ಕಿವಿಗೊಟ್ಟು ತಿದ್ದುವುದು. ಈ ಕೋಣೆಯಲ್ಲಿ ನಾನು ಅತಿ ಜಾಸ್ತಿ ಕೇಳಿರುವ ಮಾತು ಒಂದೇ: "ಸಾರ್, ಇನ್ನೂ ಸ್ವಲ್ಪ ಜೋರಾಗಿ ಬರ್ಲಿ." ಆಗೆಲ್ಲ ನಾನು ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂ ಹಾಕಿ ಕೇಳಿಸುತ್ತೇನೆ.

ಅದು ಬಂದಿದ್ದು 2008ರ ಸೆಪ್ಟೆಂಬರ್ 12ರಂದು. ಅದರ ಹಿಂದಿನ 'ಸೇಂಟ್ ಆಂಗರ್' (2003) ಅಭಿಮಾನಿಗಳಿಗೆ ಬೇಸರ ತಂದಿತ್ತು. ಗಿಟಾರ್ ಸೋಲೋಗಳೇ ಇರಲಿಲ್ಲ, ಸ್ನೇರ್ ಡ್ರಮ್ ಖಾಲಿ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಹೊಸ ಆಲ್ಬಂಗೆ ನಿರ್ಮಾಪಕರಾಗಿ ಬಂದ ರಿಕ್ ರೂಬಿನ್, 80ರ ದಶಕದ ಮೆಟಾಲಿಕಾ ಹೇಗೆ ಯೋಚಿಸುತ್ತಿತ್ತೋ ಹಾಗೆ ಯೋಚಿಸಿ ಎಂದು ಅವರನ್ನು ಹುರಿದುಂಬಿಸಿದರು. ಫಲ ಸಿಕ್ಕಿತು. ಹತ್ತು ಹಾಡು, ಸುಮಾರು 75 ನಿಮಿಷ, ಓಡುವ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು), ಮತ್ತೆ ಸೋಲೋಗಳು. ಅಮೆರಿಕದಲ್ಲಿ ಮೂರೇ ದಿನದಲ್ಲಿ 4.9 ಲಕ್ಷ ಪ್ರತಿ ಮಾರಾಟವಾಗಿ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ವಿಮರ್ಶಕರೂ ಹೊಗಳಿದರು. ನನಗೂ ಈ ಹಾಡುಗಳು ತುಂಬಾ ಇಷ್ಟ. ಅದಕ್ಕೇ ಮುಂದಿನ ಕತೆ ನೋವು ಕೊಡುತ್ತದೆ.

ಸಿ.ಡಿ. ಕೇಳಿದ ಕೆಲವರಿಗೆ ಏನೋ ತಪ್ಪಿದೆ ಅನ್ನಿಸಿತು. ಡ್ರಮ್ ಬಿದ್ದಾಗೆಲ್ಲ ಚರಚರ ಸದ್ದು. ಎರಡು ಮೂರು ಹಾಡು ಆಗುವಷ್ಟರಲ್ಲಿ ಕಿವಿಗೆ ಆಯಾಸ. ಇದೇ ಆಲ್ಬಂ ಅದೇ ಹೊತ್ತಿಗೆ ಹಾಡಿನ ಜೊತೆ ಗಿಟಾರ್ ನುಡಿಸುವ ಹಾಗೆ ಆಡುವ 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮ್‌ಗೂ ಬಂದಿತ್ತು. ಅದರಲ್ಲಿ ಆ ಚರಚರ ಇರಲಿಲ್ಲ! ಕಾರಣ ಸರಳ. ಆಡುವವರು ತಪ್ಪಿದರೆ ಗಿಟಾರ್ ಮಾತ್ರ ನಿಲ್ಲಬೇಕು, ಹಾಗಾಗಿ ಗೇಮ್‌ಗೆ ಪ್ರತಿ ವಾದ್ಯದ ಟ್ರ್ಯಾಕ್ ಬೇರೆ ಬೇರೆಯಾಗಿ ಕೊಡಬೇಕಾಗುತ್ತದೆ. ಹಾಡು ಜೋರಾಗಲೆಂದು ಕೊನೆಯ ಹಂತದಲ್ಲಿ ಮಾಡುವ ಹಿಂಡುವಿಕೆ ಆ ಟ್ರ್ಯಾಕ್‌ಗಳಿಗೆ ಆಗಿರಲಿಲ್ಲ. ಒಂದೇ ಹಾಡಿನ ಎರಡು ರೂಪ ಪಕ್ಕಪಕ್ಕದಲ್ಲೇ ಸಿಕ್ಕಿದವು. ಹೀಗೆ ಕೇಳುಗರ ಕೈಗೇ ಸಾಕ್ಷಿ ಸಿಗುವುದು ಬಹಳ ಅಪರೂಪ.

ಏನಾಗಿತ್ತು? ಡಿಜಿಟಲ್ ಧ್ವನಿಗೆ ಒಂದು ಸೂರು ಇದೆ, ಸೊನ್ನೆ ಡೆಸಿಬಲ್. ಅದರ ಮೇಲೆ ಜಾಗವೇ ಇಲ್ಲ. ಸ್ನೇರ್, ಕಿಕ್ ಡ್ರಮ್ಮಿನ ಪೆಟ್ಟು ಒಂದು ಕ್ಷಣ ಜಿಗಿದು ಆ ಸೂರನ್ನು ಮುಟ್ಟುತ್ತದೆ, ಉಳಿದ ವಾದ್ಯಗಳು ಕೆಳಗಿರುತ್ತವೆ. ಈಗ ಇಡೀ ಹಾಡು ಜೋರಾಗಬೇಕು ಅಂದರೆ ಸೂರು ಎತ್ತಲು ಆಗುವುದಿಲ್ಲ, ನೆಲವನ್ನೇ ಎತ್ತಬೇಕು. ನೆಲ ಎತ್ತಿದಷ್ಟೂ ಜಿಗಿಯುವವನ ತಲೆ ಸೂರಿಗೆ ಬಡಿಯುತ್ತದೆ. ಲಿಮಿಟರ್ ಎಂಬ ಸಾಧನ ಆ ತಲೆಯನ್ನು ಅದುಮುತ್ತದೆ. ಅತಿಯಾದರೆ ಅಲೆಯ ತುದಿಯೇ ಕತ್ತರಿಸಿ ಹೋಗುತ್ತದೆ, ಅದನ್ನೇ ಕ್ಲಿಪಿಂಗ್ ಅನ್ನುತ್ತೇವೆ. ಆ ಚರಚರ ಅದರ ಸದ್ದು. ಕಂಪ್ಯೂಟರ್ ಪರದೆಯಲ್ಲಿ ಈ ಹಾಡುಗಳು ಏರಿಳಿತವೇ ಇಲ್ಲದ ಇಟ್ಟಿಗೆಯ ಹಾಗೆ ಕಾಣುತ್ತವೆ. ಏರಿಳಿತ ಅಳೆಯುವ ಡಿ.ಆರ್. ಮೀಟರಿನಲ್ಲಿ ಸಿ.ಡಿ.ಗೆ ಸಿಗುವುದು 3, ಗೇಮ್ ರೂಪಕ್ಕೆ 12.

ಯಕ್ಷಗಾನದ ಚಂಡೆ ನೆನಪಿಸಿಕೊಳ್ಳಿ. ಇಡೀ ರಾತ್ರಿ ಒಂದೇ ಸಮ ಬಡಿದಿದ್ದರೆ ಅದು ಮೈ ನಡುಗಿಸುತ್ತಿತ್ತಾ? ಬರೀ ಮದ್ದಳೆ ನುಡಿಯುವ ಹೊತ್ತು ಇರುವುದರಿಂದಲೇ ಚಂಡೆಗೆ ಆ ಬಲ, ಅಲ್ವಾ? ಹೆವಿ ಮೆಟಲ್ ಕೂಡ ಹಾಗೇ. ಈ ಆಲ್ಬಂ ಶುರುವಾಗುವುದೇ ಎದೆಬಡಿತದ ಮೆಲ್ಲನೆಯ ಸದ್ದಿನಿಂದ. ಬರೆದವರಿಗೆ ಆ ಅಳತೆ ಚೆನ್ನಾಗಿ ಗೊತ್ತಿತ್ತು.

ಮತ್ತೆ ಯಾಕೆ ಹೀಗೆ ಮಾಡಿದರು? ಒಂದೇ ಹಾಡನ್ನು ಎರಡು ಸಲ ಕೇಳಿಸಿ, ಎರಡನೆಯದನ್ನು ಚೂರು ಜೋರು ಮಾಡಿದರೆ ನಮ್ಮ ಕಿವಿ ಅದೇ ಚೆಂದ ಅನ್ನುತ್ತದೆ. ಇದರಿಂದ ಶುರುವಾದ ಪೈಪೋಟಿ ವರ್ಷದಿಂದ ವರ್ಷಕ್ಕೆ ಏರಿತು. ತಂಡದ ಡ್ರಮ್ಮರ್ ಲಾರ್ಸ್ ಉಲ್ರಿಚ್ ಕೂಡ ಧ್ವನಿಯಲ್ಲಿ ಏನೂ ತೊಂದರೆ ಇಲ್ಲ, 2008ರಲ್ಲಿ ರೆಕಾರ್ಡ್ ಮಾಡುವುದೇ ಹೀಗೆ ಎಂದರು. ಆದರೆ ಮರುಮಿಕ್ಸ್ ಮಾಡಿ ಎಂಬ ಮನವಿಗೆ ಹತ್ತು ಸಾವಿರಕ್ಕೂ ಜಾಸ್ತಿ ಜನ ಸಹಿ ಹಾಕಿದರು.

ಬೈಗುಳ ಮಾತ್ರ ಮೊದಲು ಬಿದ್ದಿದ್ದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಮೇಲೆ. ತನ್ನ ಕೈಗೆ ಬರುವ ಮುಂಚೆಯೇ ಮಿಕ್ಸ್‌ಗಳನ್ನು ಹಿಂಡಿ ಮುಗಿಸಿದ್ದರು, ಈ ಕೆಲಸದಲ್ಲಿ ಹೆಸರಿರುವುದಕ್ಕೆ ತನಗೆ ಹೆಮ್ಮೆಯಿಲ್ಲ ಎಂದು ಅವರು ಒಬ್ಬ ಕೇಳುಗನಿಗೆ ಬರೆದರು. ಆ ಮಾತು ಹೊರಬಿತ್ತು. ಈ ಕಸುಬಿನವರಿಗೆಲ್ಲ ಅವರ ಸಂಕಟ ಅರ್ಥವಾಗುತ್ತದೆ. ಕಬ್ಬಿನ ಸಿಪ್ಪೆ ಕೊಟ್ಟು ರಸ ತೆಗಿ ಅಂದರೆ ಯಾರು ತೆಗೆಯಬಲ್ಲರು? ಕತ್ತರಿಸಿ ಹೋದ ಅಲೆಯ ತುದಿಯನ್ನು ಮೊದಲಿನ ಹಾಗೆ ಮರಳಿ ತರಲು ಆಗುವುದಿಲ್ಲ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಕಿಕ್ ಡ್ರಮ್ ಎದೆಗೆ ಬಂದು ಗುದ್ದುತ್ತಿತ್ತು. ಮನೆಗೆ ಹೋಗಿ ಇದೇ ಸಿ.ಡಿ. ಹಾಕಿದೆ. ಆ ಗುದ್ದು ಎಲ್ಲೂ ಇರಲಿಲ್ಲ.

2015ರಲ್ಲಿ ಐಟ್ಯೂನ್ಸ್‌ಗೆಂದು ಮತ್ತೆ ಮಾಸ್ಟರ್ ಮಾಡಿದ ರೂಪದಲ್ಲಿ ಹಾಡುಗಳು ಸ್ವಲ್ಪ ಉಸಿರಾಡುತ್ತವೆ. ಇವತ್ತು ಸ್ಪಾಟಿಫೈ, ಯೂಟ್ಯೂಬ್ ಜೋರಾದ ಹಾಡನ್ನು ತಾವೇ ತಗ್ಗಿಸುತ್ತವೆ, ಹಾಗಾಗಿ ಹಿಂಡಿದ್ದು ಸುಮ್ನೆ ವ್ಯರ್ಥ. ಜೋರು ಉಳಿಯುವುದಿಲ್ಲ, ಕಳೆದುಹೋದ ಪೆಟ್ಟೂ ವಾಪಸ್ ಬರುವುದಿಲ್ಲ.

ನಂಬಿಕೆ ಬರದಿದ್ದರೆ ಇದೇ ಆಲ್ಬಂನ 'ದಿ ಡೇ ದಟ್ ನೆವರ್ ಕಮ್ಸ್' ಹಾಡಿನ ಸಿ.ಡಿ., ಗೇಮ್ ಎರಡೂ ರೂಪ ಹುಡುಕಿ. ವಾಲ್ಯೂಮ್ ಒಂದೇ ಸಮಕ್ಕೆ ಇಟ್ಟು, ಕೊನೆಯ ಓಟದಲ್ಲಿ ಸ್ನೇರ್ ಮೇಲೆ ಮಾತ್ರ ಗಮನವಿಡಿ. ಆಮೇಲೆ ನಿಮ್ಮ ಹಾಡು ಮಾಸ್ಟರಿಂಗ್‌ಗೆ ಕಳಿಸುವಾಗ ಮಾಸ್ಟರ್ ಬಸ್ (ಎಲ್ಲ ಟ್ರ್ಯಾಕ್‌ಗಳೂ ಒಂದಾಗುವ ಕೊನೆಯ ಚಾನೆಲ್) ಮೇಲಿನ ಲಿಮಿಟರ್ ತೆಗೆದು ಕಳಿಸಿ. ಲಿಮಿಟರ್ ಇರುವ ಕಾಪಿಯೂ ಜೊತೆಗಿರಲಿ, ನಿಮಗೆ ಎಂಥ ಧ್ವನಿ ಬೇಕು ಅನ್ನುವುದು ನಮಗೆ ತಿಳಿಯುತ್ತದೆ.